ಬೆಳಕಿನ ಗುಟ್ಟು ಅರಿತ ಸಿ.ವಿ. ರಾಮನ್

ಅಡಿಕೆ ಬೆಳೆಯುವ ಶಿಕಾರಿಪುರ, ಸೊರಬ ಸೀಮೆಯಲ್ಲಿ ಎಲೆಯಡಿಕೆ ಮೆಲ್ಲುವ ರೂಢಿ ಹಳೆಯದು. ಅದಕ್ಕೆ ಹೊಗೆಸೊಪ್ಪು ಸೇರಿದರೆ ಬಾಯಿಯ ಕ್ಯಾನ್ಸರಿನ ಅಪಾಯ ಇನ್ನಷ್ಟು ಹೆಚ್ಚು. ದೇಹಕ್ಕೆ ಕತ್ತರಿ ತಾಗಿಸದೆ ಬರಿಯ ಬೆಳಕಿನಿಂದ ಆ ರೋಗದ ಸುಳಿವು ಹಿಡಿಯುವ ಪ್ರಯತ್ನಕ್ಕೆ ತಳಹದಿಯಾದದ್ದು ಸರ್ ಸಿ.ವಿ. ರಾಮನ್ ಅವರ ಶೋಧ.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್, ಕೋಲ್ಕತ್ತದಲ್ಲಿ ಸರ್ಕಾರದ ಹಣಕಾಸು ಇಲಾಖೆಯಲ್ಲಿದ್ದಾಗಲೂ ಬಿಡುವಿನ ವೇಳೆಯನ್ನು ಪ್ರಯೋಗಗಳಿಗೆ ಮೀಸಲಿಟ್ಟರು. 1917ರಲ್ಲಿ ಆ ಹುದ್ದೆ ತೊರೆದು ಪ್ರಾಧ್ಯಾಪಕರಾದರು. ವಸ್ತುವಿಗೆ ತಾಗಿ ಚದುರಿದ ಬೆಳಕಿನ ಅಲ್ಪಾಂಶ ಬಣ್ಣ ಬದಲಿಸುತ್ತದೆಂದು 1928ರ ಫೆಬ್ರುವರಿ 28ರಂದು ಕೆ.ಎಸ್. ಕೃಷ್ಣನ್ ಅವರೊಡನೆ ಕಂಡುಕೊಂಡರು. ಈ ಬದಲಾವಣೆ ಒಂದೊಂದು ಬಗೆಯ ಅಣುವಿಗೂ ಬೇರೆ ಬೇರೆ. 1930ರಲ್ಲಿ ನೊಬೆಲ್ ಪ್ರಶಸ್ತಿ ಅವರನ್ನು ಅರಸಿ ಬಂದಿತು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾದ ಅವರು, 1948ರಲ್ಲಿ ಅದೇ ನಗರದಲ್ಲಿ ತಮ್ಮದೇ ಸಂಶೋಧನಾಲಯ ಕಟ್ಟಿದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲೇ ನಿಧನರಾದರು.

ರೋಗಗ್ರಸ್ತ ಅಂಗಾಂಶದ ಅಣುಗಳ ಸಂಯೋಜನೆ ಬದಲಾಗುವುದರಿಂದ ಅದು ಚದುರಿಸುವ ಬೆಳಕೂ ಬದಲಾಗುತ್ತದೆ. ಲೇಸರ್ ಬಂದ ಬಳಿಕ ಈ ಕ್ಷೀಣ ಬೆಳಕನ್ನು ಅಳೆಯುವುದು ಸುಲಭವಾಯಿತು. ಮಣಿಪಾಲದ ಸಂಶೋಧಕರು ಬಾಯಿಯ ಅಂಗಾಂಶಗಳನ್ನು ಹೀಗೆ ಅಧ್ಯಯನ ಮಾಡಿದ್ದಾರೆ. ಬಯಾಪ್ಸಿಯ ಸ್ಥಾನವನ್ನು ಈ ವಿಧಾನ ಇನ್ನೂ ತುಂಬಿಲ್ಲ. ಆದರೆ ಹಳ್ಳಿಯ ರೋಗಿಗೆ ನೋವಿಲ್ಲದ, ಬೇಗನೆ ಮುಗಿಯುವ ತಪಾಸಣೆಯ ಭರವಸೆ ಅದರಲ್ಲಿದೆ.