ಕಾಶಿಯಲ್ಲಿ ಬೆಳಕಿನ ಲಿಪಿಯನ್ನೋದಿದ ಅಸುಂಡಿಯವರು

ಗದಗಿನ ಸೀಮೆಯಲ್ಲಿ ಅಸುಂಡಿ ಎಂಬುದೊಂದು ಊರಿದೆ. ನಮ್ಮ ನಾಡಿನ ಈ ಊರಹೆಸರು ಇಂದು ದೇಶದೇಶಗಳ ಭೌತಶಾಸ್ತ್ರ ಗ್ರಂಥಗಳಲ್ಲಿ ಸೇರಿಹೋಗಿದೆ. ಅದಕ್ಕೆ ಕಾರಣರಾದವರು ಆ ಹೆಸರನ್ನು ಮನೆತನದ ಹೆಸರಾಗಿ ಹೊತ್ತಿದ್ದ ಪ್ರಾಧ್ಯಾಪಕ ಆರ್. ಕೆ. ಅಸುಂಡಿಯವರು.

ಬಿಸಿಲು ಗಾಜಿನ ಪಟ್ಟಕವನ್ನು ಹಾಯ್ದಾಗ ಬಣ್ಣಗಳಾಗಿ ಹರಡುವುದನ್ನು ನಾವೆಲ್ಲರೂ ಬಲ್ಲೆವು. ಗಾಜಿನ ನಳಿಗೆಯೊಳಗಿನ ವಿರಳವಾದ ಅನಿಲದಲ್ಲಿ ವಿದ್ಯುತ್ತನ್ನು ಹಾಯಿಸಿದರೆ ಅದೂ ಬೆಳಗುತ್ತದೆ. ಒಂಟಿ ಪರಮಾಣುಗಳ ಬೆಳಕು ರೋಹಿತದಲ್ಲಿ ಬಿಡಿ ಗೆರೆಗಳಾಗಿ ಕಾಣುತ್ತದೆ. ಎರಡು ಪರಮಾಣುಗಳು ಕೂಡಿದ ಅಣುವಿನ ಬೆಳಕಾದರೋ ಪಟ್ಟೆಪಟ್ಟೆಯಾಗಿ ತೋರುತ್ತದೆ. ಸೂಕ್ಷ್ಮವಾದ ಉಪಕರಣದಿಂದ ನೋಡಿದರೆ ಒಂದೊಂದು ಪಟ್ಟೆಯೂ ಹತ್ತಾರು ಗೆರೆಗಳ ಸಾಲು. ಅಣುವು ತಿರುಗುವ, ಕಂಪಿಸುವ ಬಗೆಯೆಲ್ಲವೂ ಆ ಗೆರೆಗಳ ನಡುವಣ ಅಂತರದಲ್ಲಿ ಅಡಗಿದೆ. ಅದನ್ನಳೆದು ಪರಮಾಣುಗಳ ನಡುವಣ ದೂರವನ್ನೇ ಗಣಿಸಬಹುದು.

ಮೆಗ್ನೀಸಿಯಂ ಹೈಡ್ರೈಡಿನಂಥ ಅಣುವಿನಲ್ಲಿ ಜಲಜನಕವು ಬಲು ಹಗುರವಾದುದರಿಂದ ಗೆರೆಗಳು ದೂರದೂರ ನಿಲ್ಲುತ್ತವೆ. ಇಂಗಾಲದ ಮಾನಾಕ್ಸೈಡಿನಲ್ಲಿ ಅವು ಒತ್ತೊತ್ತಾಗಿ ನೆರೆಯುತ್ತವೆ. ಒಂದು ಗೆರೆಗೆ ತಪ್ಪು ಸಂಖ್ಯೆಯನ್ನಿತ್ತರೆ ಸಾಲು ಸಾಲೇ ತಪ್ಪುತ್ತದೆ. ತಿಂಗಳುಗಳ ದುಡಿಮೆ ವ್ಯರ್ಥವಾಗುತ್ತದೆ.

ಅಸುಂಡಿಯವರು ಕೈಹಾಕಿದುದು ಇಂಥ ಕಠಿಣ ಕಾರ್ಯಕ್ಕೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿದ್ದುಕೊಂಡು ಅವರು ಇಂಗಾಲದ ಮಾನಾಕ್ಸೈಡಿನ ಪಟ್ಟೆಗಳನ್ನು ಅಭ್ಯಸಿಸಿದರು. ಆರ್. ಸಿ. ಜಾನ್ಸನ್ನರೊಡನೆ ಕೂಡಿಯೂ, ಒಬ್ಬರಾಗಿಯೂ ಬರೆದ ಲೇಖನಗಳು 1929ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದುವು. ಆ ಅಣುವಿನ ಒಂದು ಪಟ್ಟೆಸಮೂಹಕ್ಕೆ ವಿಜ್ಞಾನಲೋಕವು ‘ಅಸುಂಡಿ ಪಟ್ಟೆಗಳು’ ಎಂದೇ ಹೆಸರಿಟ್ಟಿತು.

ಸ್ವದೇಶಕ್ಕೆ ಮರಳಿದ ಮೇಲೆ ಅವರು ಅಲೀಗಢದಲ್ಲಿ ಆರ್. ಸ್ಯಾಮ್ಯುಯೆಲ್ಲರೊಡನೆ ದುಡಿದರು. ಬಳಿಕ, ಮದನಮೋಹನ ಮಾಲವೀಯರು 1916ರಲ್ಲಿ ಸ್ಥಾಪಿಸಿದ ಕಾಶೀ ಹಿಂದೂ ವಿಶ್ವವಿದ್ಯಾಲಯವು ಅವರ ಕರ್ಮಭೂಮಿಯಾಯಿತು. ಶಾಸ್ತ್ರಾಧ್ಯಯನಕ್ಕೆಂದು ನಮ್ಮವರು ಹಿಂದಿನಿಂದಲೂ ಗಂಗಾತೀರಕ್ಕೆ ಹೋಗುತ್ತಿದ್ದುದುಂಟು. ಅಸುಂಡಿಯವರು ಅಲ್ಲಿ ಬೋಧಿಸಿದುದು ಬೆಳಕಿನ ಶಾಸ್ತ್ರವನ್ನು. ತಾವೊಬ್ಬರೇ ಸಂಶೋಧಿಸಿ ತೃಪ್ತರಾಗದೆ ಶಿಷ್ಯರನ್ನು ಸಿದ್ಧಗೊಳಿಸಿದರು. ಅವರು ನೆಟ್ಟ ರೋಹಿತವಿಜ್ಞಾನದ ಸಸಿ ಅಲ್ಲಿ ಮರವಾಗಿ ಬೆಳೆಯಿತು.

ಮುಂದೆ ಮುಂಬಯಿಯ ಟ್ರಾಂಬೆಯ ಪರಮಾಣು ಶಕ್ತಿ ಸಂಸ್ಥೆಯಲ್ಲಿಯೂ ಅವರು ರೋಹಿತ ವಿಭಾಗವನ್ನು ನಡೆಸಿದರು. ಪರಮಾಣು ಸ್ಥಾವರಕ್ಕೆ ಬೇಕಾದ ಯುರೇನಿಯಮ್ಮಿನಲ್ಲಿ ಬೋರಾನಿನ ಲವಲೇಶ ಬೆರೆತಿದ್ದರೂ ಅದು ನ್ಯೂಟ್ರಾನುಗಳನ್ನು ನುಂಗಿಬಿಡುತ್ತದೆ. ಅಂಥ ಲೇಶವನ್ನು ಪತ್ತೆಹಚ್ಚಲು ರೋಹಿತದ ಗೆರೆಗಳೇ ಸಾಧನ. ಬರಿಯ ಜ್ಞಾನದಾಸೆಯಿಂದ ಕಲಿತ ವಿದ್ಯೆ ಹೀಗೆ ದೇಶದ ಕೆಲಸಕ್ಕೊದಗಿತು.

ಅಸುಂಡಿಯವರು ಇಂದಿಲ್ಲ. ಆದರೆ ಗೆರೆಯೊಂದನ್ನೂ ಕಡೆಗಣಿಸದ ಆ ತಾಳ್ಮೆಯ ಫಲ ಉಳಿದಿದೆ. ಲೆಕ್ಕವೊಂದು ತಪ್ಪಿದಾಗ ಬೇಸರಿಸಿ ಪುಸ್ತಕವನ್ನು ಮುಚ್ಚುವ ಮುನ್ನ ನಾವು ಅವರನ್ನೊಮ್ಮೆ ನೆನೆಯೋಣ.