ಡಿಲೀಟ್ ಮಾಡಿದ್ದು ಪಟ್ಟಿಯಲ್ಲೇ ಉಳಿಯುವುದೇಕೆ? ಲಿಸ್ಪ್ ಕೊಟ್ಟ ಜಾನ್ ಮೆಕಾರ್ಥಿ ಕಥೆ

ಎಐ ಮೊನ್ನೆ ಮೊನ್ನೆ ಹುಟ್ಟಿದ್ದು ಎನ್ನುವ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದು ತಪ್ಪು. ಕೃತಕ ಬುದ್ಧಿಮತ್ತೆಯ ಇಂಗ್ಲಿಷ್ ಹೆಸರು 1955ರ ಒಂದು ಪ್ರಸ್ತಾವದಲ್ಲೇ ಇದೆ. ಹೆಸರಿಟ್ಟ ಶ್ರೇಯ ಜಾನ್ ಮೆಕಾರ್ಥಿಗೆ ಸಲ್ಲುತ್ತದೆ.

1927ರ ಸೆಪ್ಟೆಂಬರ್ 4ರಂದು ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದ ಮೆಕಾರ್ಥಿ ವಲಸೆ ಬಂದವರ ಮಗ. ತಂದೆ ಐರ್ಲೆಂಡಿನವರು, ತಾಯಿ ಲಿಥುವೇನಿಯಾದವರು. ಹರೆಯದಲ್ಲೇ ಕಾಲೇಜಿನ ಗಣಿತ ಪುಸ್ತಕಗಳನ್ನು ತಾವಾಗಿಯೇ ಓದಿಕೊಂಡರು. 1951ರಲ್ಲಿ ಪ್ರಿನ್ಸ್‌ಟನ್‌ನಿಂದ ಡಾಕ್ಟರೇಟ್. 1958ರಲ್ಲಿ, ಎಂಐಟಿಯಲ್ಲಿದ್ದಾಗ, ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಶುರು ಮಾಡಿದರು. ಅದರ ಜೀವಾಳ ಪಟ್ಟಿ.

ಆ ಪಟ್ಟಿ ಹೇಗಿರುತ್ತದೆ? ನಾವು ಮಲವಗೊಪ್ಪದವರು, ಶಿವಮೊಗ್ಗ–ಭದ್ರಾವತಿ ರೈಲನ್ನೇ ನೆನೆಸಿಕೊಳ್ಳುತ್ತೇವೆ. ಒಂದೊಂದು ಬೋಗಿಯಲ್ಲಿ ಒಂದು ಸರಕು, ಜೊತೆಗೆ ನಂತರದ ಬೋಗಿಗೆ ಒಂದು ಕೊಂಡಿ. ಪಟ್ಟಿಗೆ ನಾವಿಟ್ಟ ಹೆಸರು ಮೊದಲ ಬೋಗಿಯನ್ನಷ್ಟೇ ತೋರಿಸುತ್ತದೆ.

ಮೆಕಾರ್ಥಿಯವರ 1960ರ ಪ್ರಬಂಧದ ಐದು ಮೂಲ ಫಂಕ್ಷನ್‌ಗಳಲ್ಲಿ ಹಳೆಯ ಪಟ್ಟಿಯನ್ನು ತಿದ್ದುವಂಥದ್ದು ಒಂದೂ ಇಲ್ಲ. ಬೇಕಾದರೆ ಹೊಸ ಬೋಗಿ ಕಟ್ಟಿಕೊಳ್ಳಬೇಕು. ಆದರೆ ಅಂದಿನ ಐಬಿಎಂ 704 ಯಂತ್ರದ ಮೆಮೊರಿಯಲ್ಲಿ ಹೆಚ್ಚೆಂದರೆ 32,768 ಮನೆಗಳು! ಇದ್ದ ಬೋಗಿಯ ಕೊಂಡಿಯನ್ನೇ ಬದಲಿಸಿ ಜಾಗ ಉಳಿಸುವ ಫಂಕ್ಷನ್‌ಗಳೂ ಬೇಗನೆ ಬಂದವು. ಯಾರಿಗೂ ಬೇಡವಾದ ಬೋಗಿಗಳನ್ನು ಹುಡುಕಿ ಮರುಬಳಕೆಗೆ ತರುವ ‘ಗಾರ್ಬೇಜ್ ಕಲೆಕ್ಷನ್’ ಕೂಡ ಮೆಕಾರ್ಥಿಯವರದೇ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲೂ ಅದು ಕೆಲಸ ಮಾಡುತ್ತಿದೆ.

ಎಡವುವುದು ಇಲ್ಲೇ. ಮುಂದೆ ಬಂದ ಕಾಮನ್ ಲಿಸ್ಪ್‌ನಲ್ಲಿ ‘ರಿಮೂವ್’ ಮೂಲ ಪಟ್ಟಿಗೆ ಕೈ ಹಚ್ಚುವುದಿಲ್ಲ. ‘ಡಿಲೀಟ್’ ಮೂಲದ ಕೊಂಡಿಗಳನ್ನೇ ಬದಲಿಸಬಹುದು. ಅಳಿಸಬೇಕಾದ್ದು ಮೊದಲ ಬೋಗಿಯೇ ಆಗಿದ್ದರೆ? ಹೆಸರು ಅದನ್ನೇ ತೋರಿಸುತ್ತಿರುತ್ತದೆ, ಅಳಿಸಿದ್ದು ಮತ್ತೆ ಕಾಣಿಸುತ್ತದೆ. ಆದ್ದರಿಂದ ಡಿಲೀಟ್ ವಾಪಸ್ ಕೊಡುವ ಪಟ್ಟಿಯನ್ನು ಅದೇ ಹೆಸರಿಗೆ ಪುನಃ ಜೋಡಿಸಬೇಕು.

‘ಸಾರ್ಟ್’ ಕೂಡ ಹಾಗೆಯೇ. ಒಂದು ಸಮೀಕ್ಷೆಯ 40 ಹೆಸರುಗಳನ್ನು ಅಕ್ಷರ ಕ್ರಮಕ್ಕೆ ತರಲು ಹೋಗಿ, ವಾಪಸ್ ಬಂದ ಪಟ್ಟಿಯನ್ನು ಹಿಡಿದಿಟ್ಟುಕೊಳ್ಳದೆ, ನಮಗೆ ಉಳಿದದ್ದು 3 ಹೆಸರು. ಮೊದಲಿದ್ದ ಬೋಗಿ ಸಾಲಿನ ಕೊನೆಯ ಹತ್ತಿರ ಹೋಗಿ ಸೇರಿತ್ತು. ಕಂಪ್ಯೂಟರನ್ನು ಬೈದುಕೊಂಡೇ ಒಂದು ಸಂಜೆ ಹೋಯಿತು, ತಪ್ಪು ನಮ್ಮದೇ ಆಗಿತ್ತು.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. ಎರಡು ಪಟ್ಟಿಗಳ ಹಿಂದಿನ ಬೋಗಿಗಳು ಒಂದೇ ಇರಬಹುದು. ‘ಅಪೆಂಡ್’ ಕೊನೆಯ ಪಟ್ಟಿಯನ್ನು ನಕಲು ಮಾಡದೆ ಹಾಗೆಯೇ ಸೇರಿಸುತ್ತದೆ. ಆಗ ಒಂದನ್ನು ತಿದ್ದಿದರೆ ಇನ್ನೊಂದೂ ಸದ್ದಿಲ್ಲದೆ ಕೆಡುತ್ತದೆ. ತಿದ್ದುವ ಫಂಕ್ಷನ್‌ಗಳನ್ನು ನಾವೇ ಹೊಸದಾಗಿ ಕಟ್ಟಿದ, ಬೇರೆಲ್ಲೂ ಬಳಕೆಯಲ್ಲಿಲ್ಲದ ಪಟ್ಟಿಗೆ ಮಾತ್ರ ಬಳಸಬೇಕು. ಪ್ರೋಗ್ರಾಮಿನೊಳಗೇ ಬರೆದಿಟ್ಟ ಸ್ಥಿರ ಪಟ್ಟಿಗೆ ಬೇಡವೇ ಬೇಡ. ಅನುಮಾನವಿದ್ದರೆ ಮೊದಲು ನಕಲು ತೆಗೆಯಿರಿ.

1962ರಲ್ಲಿ ಮೆಕಾರ್ಥಿ ಸ್ಟ್ಯಾನ್‌ಫರ್ಡ್ ಸೇರಿದರು, 1971ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. 2011ರ ಅಕ್ಟೋಬರ್ 24ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಸ್ಟೀವ್ ಜಾಬ್ಸ್ ಹೋದದ್ದೂ ಅದೇ ತಿಂಗಳು. ನಮಗೆ ನೆನಪಿರುವ ಮಟ್ಟಿಗೆ, ಆಗ ಎಲ್ಲರ ಬಾಯಲ್ಲಿದ್ದದ್ದು ಜಾಬ್ಸ್ ಹೆಸರು ಮಾತ್ರ.