ಸೋಯಾ ಎಣ್ಣೆಯಲ್ಲಿ ಔಷಧ ಕಂಡ ಪರ್ಸಿ ಜೂಲಿಯನ್

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ರಾಜ್ಯದ ಗಡಿಗೆ ಹತ್ತಿರವಿರುವ ಊರು ಪುಣಜನೂರು. ಈ ಸೀಮೆಯ ಕಾಡುಗಳಲ್ಲಿ ಸೋಲಿಗರು ಅಗೆದು ತಿನ್ನುವ ಕಾಡುಗೆಣಸಿಗೂ, ಇಸುಬು, ಸೋರಿಯಾಸಿಸ್‌ಗಳಿಗೆ ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಮುಲಾಮಿಗೂ ದೂರದ ನಂಟೊಂದಿದೆ. ಆ ನಂಟನ್ನು ಅರಿಯಲು ಅಮೆರಿಕದ ಕಪ್ಪುವರ್ಣೀಯ ರಸಾಯನ ವಿಜ್ಞಾನಿ ಪರ್ಸಿ ಜೂಲಿಯನ್ ಅವರ ಬದುಕನ್ನು ನೋಡಬೇಕು.

ಜೂಲಿಯನ್ ಜನಿಸಿದ್ದು 1899ರ ಏಪ್ರಿಲ್ 11ರಂದು, ಅಲಬಾಮಾ ರಾಜ್ಯದ ಮಾಂಟ್ಗೊಮೆರಿಯಲ್ಲಿ. ಅಜ್ಜ ಗುಲಾಮಗಿರಿಯನ್ನು ಉಂಡವರು. ತಂದೆ ರೈಲ್ವೆ ಅಂಚೆ ಗುಮಾಸ್ತರು. ಕಪ್ಪು ಮಕ್ಕಳಿಗೆ ಎಂಟನೇ ತರಗತಿಯ ಆಚೆಗೆ ಸರ್ಕಾರಿ ಶಾಲೆಯೇ ಇಲ್ಲದ ಊರು ಅದು. ಇಂಡಿಯಾನಾದ ಡಿಪಾ ವಿಶ್ವವಿದ್ಯಾಲಯ ಸೇರಿದಾಗ ವಿದ್ಯಾರ್ಥಿ ನಿಲಯದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಸಹಪಾಠಿಗಳಿಗೆ ಊಟ ಬಡಿಸಿ, ಒಲೆಗೆ ಬೆಂಕಿ ಹಾಕಿ, ಅಟ್ಟದ ಮೇಲೆ ಮಲಗಿ ಓದಿದ ಹುಡುಗ 1920ರಲ್ಲಿ ತರಗತಿಗೇ ಮೊದಲಿಗನಾಗಿ ಹೊರಬಂದ.

ಹಾರ್ವರ್ಡ್‌ನಲ್ಲಿ 1923ರಲ್ಲಿ ಸ್ನಾತಕೋತ್ತರ ಪದವಿ ದೊರೆಯಿತಾದರೂ ಡಾಕ್ಟರೇಟ್‌ಗಾಗಿ ಅವರು ದೂರದ ವಿಯೆನ್ನಾಕ್ಕೆ ಹೋಗಬೇಕಾಯಿತು. 1931ರಲ್ಲಿ ಅದನ್ನು ಗಳಿಸಿ ಮರಳಿದ ಜೂಲಿಯನ್, 1935ರಲ್ಲಿ ಸಹೋದ್ಯೋಗಿ ಜೋಸೆಫ್ ಪಿಕ್ಲ್ ಜೊತೆಗೂಡಿ ಗ್ಲಾಕೋಮಾ ಔಷಧವಾದ ಫೈಸೊಸ್ಟಿಗ್ಮೀನ್ ಅನ್ನು ಕೃತಕವಾಗಿ ತಯಾರಿಸಿದರು. ಇಷ್ಟಾದರೂ ಪ್ರಾಧ್ಯಾಪಕ ಹುದ್ದೆ ಒಲಿಯಲಿಲ್ಲ. 1936ರಲ್ಲಿ ಷಿಕಾಗೊದ ಗ್ಲಿಡನ್ ಬಣ್ಣದ ಕಂಪನಿಯ ಸೋಯಾ ಸಂಶೋಧನಾ ವಿಭಾಗ ಅವರನ್ನು ಕರೆಯಿತು.

ಅಲ್ಲಿ ಒಮ್ಮೆ ಸೋಯಾ ಎಣ್ಣೆಯ ಭಾರೀ ತೊಟ್ಟಿಗೆ ನೀರು ಸೋರಿ ಬಿಳಿಯ ಗಸಿ ಕಟ್ಟಿತು. ಇತರರಿಗೆ ನಷ್ಟವಾಗಿ ಕಂಡ ಆ ಗಸಿಯಲ್ಲಿ ಜೂಲಿಯನ್ ಸ್ಟಿಗ್ಮಾಸ್ಟೆರಾಲ್ ಗುರುತಿಸಿದರು. ಅದರಿಂದ ಹಾರ್ಮೋನುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಹಾದಿ ತೆರೆಯಿತು.

1948ರಲ್ಲಿ ಮೇಯೊ ಕ್ಲಿನಿಕ್‌ನ ಫಿಲಿಪ್ ಹೆಂಚ್ ಕೀಲುವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟು ಪವಾಡಸದೃಶ ಫಲ ಕಂಡರು. ಆದರೆ ದನದ ಪಿತ್ತರಸದಿಂದ ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ ಸಿದ್ಧವಾಗುತ್ತಿದ್ದ ಆ ಔಷಧ ಬಡವರ ಕೈಗೆಟುಕುವಂತಿರಲಿಲ್ಲ. 1949ರಲ್ಲಿ ಜೂಲಿಯನ್, ಕಾರ್ಟಿಸೋನ್‌ಗಿಂತ ಒಂದೇ ಆಮ್ಲಜನಕ ಪರಮಾಣು ಕಡಿಮೆಯಿರುವ ಸಬ್‌ಸ್ಟೆನ್ಸ್ ಎಸ್ ತಯಾರಿಕೆಗೆ ಸುಲಭ ವಿಧಾನ ಪ್ರಕಟಿಸಿದರು. ಮುಂದೆ ಅಪ್‌ಜಾನ್ ಕಂಪನಿಯ ವಿಜ್ಞಾನಿಗಳು ಶಿಲೀಂಧ್ರದ ನೆರವಿನಿಂದ ಆ ಆಮ್ಲಜನಕವನ್ನು ಸೇರಿಸುವ ದಾರಿ ಕಂಡುಕೊಂಡರು. ಇದೇ ಕುಟುಂಬದ ಹೈಡ್ರೊಕಾರ್ಟಿಸೋನ್ ಚರ್ಮದ ಮೇಲೆ ಹಚ್ಚಿದರೂ ಫಲ ಕೊಡುತ್ತದೆಂದು 1952ರಲ್ಲಿ ಚರ್ಮವೈದ್ಯರಾದ ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ತೋರಿಸಿದರು.

ಕೀರ್ತಿಯ ಈ ದಿನಗಳಲ್ಲೇ ಜೂಲಿಯನ್ ಓಕ್ ಪಾರ್ಕ್ ಬಡಾವಣೆಯಲ್ಲಿ ಮನೆ ಕೊಂಡರು. ಕಪ್ಪು ಕುಟುಂಬ ಬರುವುದನ್ನು ಸಹಿಸದ ದುಷ್ಕರ್ಮಿಗಳು 1950ರಲ್ಲಿ ಆ ಮನೆಗೆ ಬೆಂಕಿ ಹಚ್ಚಲು ಯತ್ನಿಸಿದರು. 1951ರಲ್ಲಿ ಡೈನಮೈಟ್ ಎಸೆದರು. ಅವರು ಮನೆ ಬಿಟ್ಟು ಕದಲಲಿಲ್ಲ.

1953ರಲ್ಲಿ ಅವರು ಸ್ವಂತ ಕಂಪನಿ ಕಟ್ಟಿದರು. ಕಚ್ಚಾವಸ್ತುವಿಗಾಗಿ ನೆಚ್ಚಿದ್ದು ಮೆಕ್ಸಿಕೊದ ಕಾಡುಗೆಣಸನ್ನು. ಪುಣಜನೂರಿನ ಕಡೆಯ ಕಾಡುಗೆಣಸೂ ಡಯಾಸ್ಕೋರಿಯಾ ಎಂಬ ಅದೇ ಕುಲಕ್ಕೆ ಸೇರಿದ್ದು, ಪ್ರಭೇದ ಮಾತ್ರ ಬೇರೆ. 1961ರಲ್ಲಿ ಕಂಪನಿಯನ್ನು 20 ಲಕ್ಷ ಡಾಲರ್‌ಗೂ ಹೆಚ್ಚಿನ ಬೆಲೆಗೆ ಮಾರಿದರು. 1973ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1975ರ ಏಪ್ರಿಲ್ 19ರಂದು ನಿಧನರಾದರು.

ಅಂದು ದುರ್ಲಭವಾಗಿದ್ದ ಔಷಧ ಇಂದು ಅತಿ ಸುಲಭವಾಗಿರುವುದೇ ತೊಡಕಾಗಿದೆ. ಮುಖ ಬೆಳ್ಳಗಾಗಲೆಂದೋ, ಹುಳುಕಡ್ಡಿ ವಾಸಿಯಾಗಲೆಂದೋ ಜನ ತಾವಾಗಿಯೇ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಾರೆ. ಚರ್ಮ ತೆಳುವಾಗುತ್ತದೆ, ಹುಳುಕಡ್ಡಿ ಮೊದಲು ತಗ್ಗಿದಂತೆ ಕಂಡು ಬಳಿಕ ಹರಡುತ್ತದೆ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿಗೊಳಿಸಿತು. ಕಪ್ಪು ಬಣ್ಣದ ಕಾರಣಕ್ಕೆ ಬದುಕಿಡೀ ಅವಮಾನ ಉಂಡ ವಿಜ್ಞಾನಿಯ ಶ್ರಮ ಅಡಗಿರುವ ಔಷಧವನ್ನು ಮೈಬಣ್ಣ ಬಿಳಿಯಾಗಲೆಂದು ಹಚ್ಚಿಕೊಳ್ಳುವುದು ಎಂಥ ವಿಪರ್ಯಾಸ!